ಹುಣಸೆಮರದ ಐವತ್ತೆಂಟು ನಿಮಿಷ

ನಮ್ಮ ಮನೆತನದಲ್ಲಿ ಓಡಿದವರು ಯಾರೂ ಇಲ್ಲ. ಅಜ್ಜ ಕುಳಿತು ಶಾಸ್ತ್ರ ಓದಿದರು, ಅಪ್ಪ ಕುಳಿತು ಕಚೇರಿಯಲ್ಲಿ ಬರೆದರು, ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ನಿಂತು ಗಣಿತ ಕಲಿಸುತ್ತೇನೆ. ಕುಳಿತವರು ಎದ್ದು ನಿಲ್ಲುವುದಕ್ಕೇ ನಮಗೆ ಮೂರು ತಲೆಮಾರು ಹಿಡಿಯಿತು. ಹೀಗಿರುವಾಗ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಚಡ್ಡಿ ಹಾಕಿಕೊಂಡು ತಿಳವಳ್ಳಿ ರಸ್ತೆಯಲ್ಲಿ ಓಡತೊಡಗಿದ್ದನ್ನು ಊರು ಅಷ್ಟು ಸುಲಭವಾಗಿ ಅರಗಿಸಿಕೊಳ್ಳಲಿಲ್ಲ. ಮೊದಮೊದಲು ಬೈಕಿನವರು ಪಕ್ಕಕ್ಕೆ ಬಂದು, "ಹತ್ರಿ ಸರ, ಬಸ್ ತಪ್ಪಿತೇನ್ರಿ? ಮುಂದಿನ ಸ್ಟಾಪಿನ್ಯಾಗ ಹಿಡಸ್ತೇನಿ" ಎನ್ನುತ್ತಿದ್ದರು. ಬೇಡವೆಂದರೆ ಸಿಟ್ಟಾಗುತ್ತಿದ್ದರು. ಒಬ್ಬರಂತೂ ನನ್ನ ಹಿಂದೆ ನಾಯಿ ಬಂದಿದೆಯೇ ಎಂದು ಕೋಲು ಹಿಡಿದು ಹುಡುಕಿದರು.

ಹೋದ ವರ್ಷ ನಮ್ಮೂರಿನಲ್ಲಿ ಹತ್ತು ಕಿಲೋಮೀಟರಿನ ಓಟ ಇಟ್ಟರು. ತಿಳವಳ್ಳಿ ರಸ್ತೆಯಲ್ಲಿ ಐದು ಕಿಲೋಮೀಟರಿನ ಕಲ್ಲಿನ ತನಕ ಹೋಗಿ, ನೀರಿನ ಟೇಬಲ್ಲನ್ನು ಸುತ್ತಿ ಹೊಳ್ಳಿ ಬರಬೇಕೆಂಬುದು ಕಮಿಟಿಯ ನಿಯಮ. ನಾನು ಐವತ್ತೆಂಟು ನಿಮಿಷ ನಲವತ್ತು ಸೆಕೆಂಡಿನಲ್ಲಿ ಬಂದೆ. ಅದಕ್ಕೆ ಮೊದಲು ಒಂದು ತಾಸಿನೊಳಗೆ ನಾನು ಮಾಡಿ ಮುಗಿಸಿದ ಕೆಲಸವೆಂದರೆ ಊಟ ಮಾತ್ರ. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿದೆ. ಮನೆಯಲ್ಲಿ ಎಲ್ಲರಿಗೂ ಕಾಣುವಂಥ ಮೊಳೆ ಒಂದೇ, ಅದರ ಮೇಲೆ ನನ್ನ ಹೆಂಡತಿ ಸುಧಾಳ ಪಂಚಾಂಗದ ಕ್ಯಾಲೆಂಡರ್ ಇತ್ತು. ಅದನ್ನು ಇಳಿಸಿ ಜೋಳದ ಡಬ್ಬಿಯ ಮೇಲಿಟ್ಟು, ನನ್ನನ್ನು ಏರಿಸಿಕೊಂಡೆ.

ಪರಿಣಾಮ ಬೇಗನೆ ಕಂಡಿತು. ತಿಥಿ ಕಣ್ಣಿಗೆ ಬೀಳದೆ ಒಂದು ಏಕಾದಶಿಯ ದಿನ ಬದನೆಕಾಯಿ ಎಣಗಾಯಿ ಮಾಡಿ, ರೊಟ್ಟಿಯೊಂದಿಗೆ ಹೊಟ್ಟೆ ಬಿರಿಯುವಷ್ಟು ತಿಂದೆವು. ಗೊತ್ತಾದ ಮೇಲೆ ದ್ವಾದಶಿಯ ದಿನ ಉಪವಾಸ ಮಾಡಿದೆವು. ಸುಧಾ ಅಂದೇ ಕರಾರು ಹಾಕಿದಳು: "ಮುಂದಿನ ಓಟದಾಗ ಐವತ್ತೆಂಟಕ್ಕಿಂತ ಕಡಿಮಿ ಬಂದ್ರ ಮೊಳಿ ನಿಮ್ಮದು. ಇಲ್ಲಾಂದ್ರ ನನ್ನ ಕ್ಯಾಲೆಂಡರ್ ಅದರ ಜಾಗಾಕ್ಕ ಹೋಗ್ತದ, ನಿಮ್ಮ ಗಾಜು ಅಟ್ಟಕ್ಕ."

ನನಗೆ ಅವಮಾನವಾಯಿತು, ಛಲವೂ ಬಂತು. ತುಪ್ಪ ಬಿಟ್ಟೆ, ಮಧ್ಯಾಹ್ನದ ನಿದ್ದೆ ಬಿಟ್ಟೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಕಾಳು ಹರವಿದ್ದರೂ, ಉಳಿದರ್ಧದಲ್ಲಿ ಲಾರಿಗಳಿಗೆ ದಾರಿ ಬಿಡುತ್ತ ಓಡಿದೆ. ಮಕ್ಕಳಿಗೆ ವೇಗ, ದೂರ, ಕಾಲದ ಲೆಕ್ಕ ಬಿಡಿಸುವಾಗಲೂ ನನ್ನದೇ ಉದಾಹರಣೆ ಕೊಟ್ಟೆ. ಪರೀಕ್ಷೆಯಲ್ಲಿ ಒಬ್ಬನು "ಸರ್ ಓಡಿದರೆ" ಎಂದೇ ಉತ್ತರ ಶುರುಮಾಡಿದ್ದ.

ಈ ವರ್ಷದ ಓಟದ ದಿನ ಬಂತು. ಹೋದ ವರ್ಷ ಮುಖ್ಯ ಅತಿಥಿಗಳಿಗಾಗಿ ಕಾದು ಕಾದು ಒಂಬತ್ತಕ್ಕೆ ಸುರುವಾಗಿತ್ತು. ಈ ಸಲ ಅತಿಥಿಗಳನ್ನೇ ಕರೆದಿರಲಿಲ್ಲವಾದ್ದರಿಂದ ಆರೂವರೆಗೇ ಬಿಟ್ಟರು. ಹಿತವಾದ ಚಳಿ. ಕಾಲು ನನ್ನದಲ್ಲವೇನೋ ಎನ್ನುವಷ್ಟು ಹಗುರಾಗಿತ್ತು. ರಸ್ತೆ ಪಕ್ಕದ ದೊಡ್ಡ ಹುಣಸೆಮರ ಬಂತು. ಹೋದ ಸಲ ಟೇಬಲ್ ಇದ್ದದ್ದು ಅದರ ಕೆಳಗೇ. ಗಡಿಯಾರ ನೋಡಿದೆ, ಗೆದ್ದೆ ಅನ್ನಿಸಿತು. ಆದರೆ ಮರದ ಕೆಳಗೆ ಒಂದು ಆಡು ಬಿಟ್ಟರೆ ಯಾರೂ ಇಲ್ಲ. ತಲೆ ಎತ್ತಿ ನೋಡಿದರೆ, ದೂರದಲ್ಲಿ ಕಲ್ಲಿನ ಪಕ್ಕ ಟೇಬಲ್ ಹಾಕಿಕೊಂಡು ನಮ್ಮ ಓಣಿಯ ಟೇಲರ್ ಖಾದರಸಾಬರು ನೀರಿನ ಗ್ಲಾಸು ಹಿಡಿದು ಕೈ ಬೀಸುತ್ತಿದ್ದಾರೆ.

ಅಲ್ಲಿಯ ತನಕ ಓಡಿ ಹೋಗಿ, ಟೇಬಲ್ಲನ್ನು ಸುತ್ತುವುದನ್ನು ಬಿಟ್ಟು ಜಗಳಕ್ಕೆ ನಿಂತೆ. "ಖಾದರಸಾಬರ, ಟೇಬಲ್ ಇಲ್ಲಿಗ್ಯಾಕ ತಂದ್ರಿ? ಹೋದ ವರ್ಷ ಹುಣಸಿಮರದ ಕೆಳಗಿತ್ತಲ್ರಿ!"

"ಹೋದ ವರ್ಷ ಬಿಸಲಿತ್ತರಿ ಸರ," ಎಂದರು ಅವರು, ಬಹಳ ಪ್ರೀತಿಯಿಂದ. "ಕ್ಯಾನಿನ್ಯಾಗಿನ ನೀರು ಕಾದು ಚಾ ಸೋಸೂವಂಗ ಆಗಿತ್ತು. ನೀವೆಲ್ಲಾ ಪಾಪ ಬಿಸಲಾಗ ಬರ್ತೀರಂತ ನಾನ ನೆರಳಿಗೆ ತಂದಿಟ್ಟಿದ್ದೆ. ಎಷ್ಟೂ ದೂರ ಇಲ್ರಿ, ಅರ್ಧ ಕಿಲೋಮೀಟರ್. ಈ ಸಲ ತಂಪೈತಿ, ಕಲ್ಲಿನ ಕಡೆನ ಇಟ್ಟೇನಿ. ಕಮಿಟಿಯವರಿಗೆ ಮಾತ್ರ ಹೇಳಬ್ಯಾಡ್ರಿ, ಬೈತಾರ."

ಹೋಗುವಾಗ ಅರ್ಧ, ಬರುವಾಗ ಅರ್ಧ. ಗಾಜು ಹಾಕಿಸಿಕೊಂಡ ನನ್ನ ಹತ್ತು ಕಿಲೋಮೀಟರು ಒಂಬತ್ತೇ ಕಿಲೋಮೀಟರಿನದು. ಒಂದು ವರ್ಷ ಅದನ್ನು ಉದಾಹರಣೆಯಾಗಿ ಕಲಿಸಿದ ಗಣಿತದ ಮಾಸ್ತರ ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆ ಬಿಸಿಯಲ್ಲೇ ಹೊಳ್ಳಿ ಓಡಿದೆ. ಮುಗಿಸಿದಾಗ ಅರವತ್ತೆರಡೂವರೆ ನಿಮಿಷ. ಭಾಗಿಸಿ ನೋಡಿದರೆ ಹೋದ ವರ್ಷಕ್ಕಿಂತ ಪ್ರತಿ ಕಿಲೋಮೀಟರಿಗೂ ಕಾಲು ನಿಮಿಷ ಬೇಗ, ಅದೂ ಜಗಳದ ಸಮಯ ಸೇರಿಸಿ! ನನ್ನ ಬದುಕಿನ ಅತ್ಯುತ್ತಮ ಓಟ ಇದೇ. ಆದರೆ ಅದನ್ನು ಸಾರಬೇಕೆಂದರೆ ಹೋದ ವರ್ಷದ್ದು ಪೊಳ್ಳೆಂದು ಒಪ್ಪಬೇಕು.

ಸುತ್ತ ನೋಡಿದರೆ ಓಡಿದವರೆಲ್ಲ ಸಪ್ಪೆ ಮುಖ ಹಾಕಿ ಉಪ್ಪಿಟ್ಟಿನ ಸಾಲಿನಲ್ಲಿದ್ದಾರೆ. "ವಯಸ್ಸಾತ್ರಿ ಸರ," ಎಂದು ದವಾಖಾನೆಯ ಡಾಕ್ಟರು ನಿಟ್ಟುಸಿರು ಬಿಟ್ಟರು. ಟೇಬಲ್ ಸರಿದದ್ದು ಯಾರ ಗಮನಕ್ಕೂ ಬಂದಿರಲಿಲ್ಲ; ಒಂದು ಮಾತು ಹೇಳಿದ್ದರೆ ಅವರಿಗೆಲ್ಲ ಯೌವನ ವಾಪಸು ಬರುತ್ತಿತ್ತು. ನಾನು "ಹೌದ್ರಿ, ಏನ್ಮಾಡೋದು" ಎಂದು, ಖಾದರಸಾಬರ ಮಾನ ಕಾಯುತ್ತಿದ್ದೇನೆಂದು ನನಗೇ ಹೇಳಿಕೊಂಡು, ಎರಡು ಪ್ಲೇಟು ಉಪ್ಪಿಟ್ಟು ತಿಂದೆ.

ಮನೆಯಲ್ಲಿ ಸುಧಾಳಿಗೆ ಮಾತ್ರ ಎಲ್ಲ ಹೇಳಿದೆ, ಹಾಳೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದೆ. ಅವಳು ಶಾಂತವಾಗಿ ಕೇಳಿ, "ಅಂದ್ರ ಹೋದ ವರ್ಷದ್ದು ಖೋಟಾ, ಈ ವರ್ಷದ್ದು ಜಾಸ್ತಿ. ಯಾವ ಕಡೆಯಿಂದ ಭಾಗಿಸಿದ್ರೂ ಮೊಳಿ ನಂದ" ಎಂದು ಗಾಜನ್ನು ಇಳಿಸಿದಳು. ಡಬ್ಬಿಯ ಮೇಲಿನ ಕ್ಯಾಲೆಂಡರ್ ಜಾಡಿಸಿ ತೂಗುಹಾಕಿ, ಹಾಳೆ ತಿರುವಿ, ಇವತ್ತಿನ ತಾರೀಖಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಏನ್ರಿ, ಓಟ ಮುಗದ ಮ್ಯಾಲೆ ಏನರೆ ತಿಂದ್ರೇನು?"

"ಉಪ್ಪಿಟ್ಟು. ಎರಡು ಪ್ಲೇಟು."

ಅವಳು ಒಳಗೆ ಹೋಗಿ, ಅನ್ನಕ್ಕೆ ಹಚ್ಚಿದ್ದ ಒಲೆ ಆರಿಸಿ ಬಂದಳು. "ಇವತ್ತು ಏಕಾದಶಿ. ನಿಮ್ಮ ಉಪವಾಸನೂ ಒಂದು ಕಿಲೋಮೀಟರ್ ಕಡಿಮಿನ ಆತು."

ಉಳಿದ ಒಂಬತ್ತನ್ನು ನಾನು ಮರುದಿನ ಬೆಳಗಿನ ತನಕ, ಖಾಲಿ ಹೊಟ್ಟೆಯಲ್ಲಿ, ಆ ಮೊಳೆಯನ್ನೇ ನೋಡುತ್ತ ಪೂರ್ತಿ ಮಾಡಿದೆ. ನಡುವೆ ಒಂದು ಹುಣಸೆಮರವೂ ಸಿಗಲಿಲ್ಲ.