ಕ್ಲಿಪ್ಪಿಲ್ಲದ ಹಗ್ಗಕ್ಕೆ ಗಾಳಿಯ ಒಪ್ಪಿಗೆ ಕೋರಿ

ಇಂದ:
ಮಾಳಪ್ಪ, ರೈತ,
ಬಸ್ ನಿಲ್ದಾಣದ ಹಿಂದಿನ ಓಣಿ, ಬೇವಿನ ಮರದ ಮನೆ,
ಮುಕ್ಕಾಂ ಶಲವಡಿ.
(ತಾಲೂಕು ನವಲಗುಂದವೋ ಅಣ್ಣಿಗೇರಿಯೋ ಎಂದು ಕಟ್ಟೆಯ ಮೇಲೆ ಇನ್ನೂ ವಾದ ನಡೆದಿದೆ. ತಮಗೆ ಎರಡೂ ಒಂದೇ ಹಾದಿಯಾದ ಕಾರಣ ಬಿಡಲಾಗಿದೆ.)

ಗೆ:
ಮಾನ್ಯ ಆಷಾಢದ ಗಾಳಿ ಸಾಹೇಬರು,
ಪಡುವಣ ದಿಕ್ಕು.

ಮೂಲಕ:
ಫಕ್ರುಸಾಬ, ಅರ್ಜಿ ಬರಹಗಾರ,
ಅರ್ಜಿದಾರರ ಬಾಜು ಮನೆ.

ವಿಷಯ: ಕ್ಲಿಪ್ಪಿಲ್ಲದೆ ಒಗೆದ ಅರಿಬಿ ಹಿಡಿಯುವ ಹಗ್ಗವನ್ನು ಇನ್ನು ಮುಂದೆ ಹಾರಿಸುವುದಿಲ್ಲ ಎಂದು ತಮ್ಮಿಂದ ಲಿಖಿತ ಒಪ್ಪಿಗೆ ಪತ್ರ ದೊರಕಿಸಿಕೊಳ್ಳುವ ಕುರಿತು.

ಉಲ್ಲೇಖ: 1) ಅರ್ಜಿದಾರರ ಪತ್ನಿ ಮೈಲಾರವ್ವ ಇವರು ಒಲೆಯ ಮುಂದೆ ಕೂತು ಹೊರಡಿಸಿದ ಮೌಖಿಕ ಆದೇಶ. ಇದಕ್ಕೆ ಜಾವಕ ಸಂಖ್ಯೆ ಇಲ್ಲ. ಆದರೆ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಆದೇಶವೂ ಇಲ್ಲ.
2) ಬಸ್ ನಿಲ್ದಾಣಕ್ಕೆ ತಾವು ಖುದ್ದಾಗಿ ನೀಡಿದ ಭೇಟಿ.

ಮಾನ್ಯರೇ,

ತಾವು ಕೂತು ಓದುವವರಲ್ಲ, ಹೋಗುತ್ತ ಹೋಗುತ್ತ ಓದುವವರು ಎಂದು ಗೊತ್ತಿರುವ ಕಾರಣ ಇದನ್ನು ಚಿಕ್ಕದಾಗಿ ಬರೆಯಬೇಕೆಂದಿತ್ತು. ಆಗಲಿಲ್ಲ. ಅರ್ಜಿದಾರರು ಹೇಳುವ ಮನುಷ್ಯನೇ ಅಲ್ಲ, ಅವರ ಬಾಯಿಂದ ಸಂಗತಿ ಹೊರಡಿಸುವುದು ಬತ್ತಿದ ಬಾವಿಯಿಂದ ನೀರು ಸೇದಿದ ಹಾಗೆ. ಕಾರಣ ಬಹಳಷ್ಟನ್ನು ಬರಹಗಾರನೇ ತುಂಬಿಸಿದ್ದಾನೆ. ನವಲಗುಂದದ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಊರವರ ಅರ್ಜಿ ಬರೆದೇ ಅವನ ಗಡ್ಡ ಬೆಳ್ಳಗಾಗಿದೆ, ಆದ್ದರಿಂದ ತುಂಬಿಸುವ ಹಕ್ಕು ಅವನಿಗಿದೆ.

1. ಸದರಿ ಮಾಳಪ್ಪನ ಮನೆಯಲ್ಲಿ ಈಗ ಎತ್ತಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಬಂದ ಮೇಲೆ ಮಾರಿದ. ಆದರೂ ಪ್ರತಿ ಕಾರಹುಣ್ಣಿಮೆಗೆ ಹಿಂದಿನ ರೂಢಿಯಂತೆ ಪುಂಡಿನಾರು ನೆನೆಹಾಕಿ, ಎತ್ತಿಗೆಂದು ಹೊಸ ಹಗ್ಗ ಹೊಸೆದು, ಸಂತೆಯ ಗುಲಾಬಿ ಬಣ್ಣದಲ್ಲಿ ಅದ್ದಿ, ದನದ ಮನೆಯ ಗೂಟಕ್ಕೆ ನೇತುಹಾಕುತ್ತಾನೆ. "ಎತ್ತ ಎಲ್ಲಿ ಅದಾವೋ ಮಾರಾಯಾ?" ಎಂದು ಬರಹಗಾರ ಒಮ್ಮೆ ಕೇಳಿದ್ದುಂಟು. "ಕೈ ಕೇಳಂಗಿಲ್ಲಲೇ ಫಕ್ರೂ" ಎಂದು ಉತ್ತರ ಬಂದಿತು. ಕಾರಣ ಆ ಮನೆಯಲ್ಲಿ ಕೆಲಸವಿಲ್ಲದ ಹಗ್ಗ ಬೇಕಾದಷ್ಟಿದೆ.

2. ಈ ವರ್ಷ ಕಾರಹುಣ್ಣಿಮೆ ಮುಗಿದ ಮರುದಿನ ಮಾಳಪ್ಪ ಗೂಟದ ಹಗ್ಗ ಇಳಿಸಿ, ಎರಡು ಹಗ್ಗಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆದು, ಬೇವಿನ ಮರದಿಂದ ದನದ ಮನೆಯ ಕಂಬಕ್ಕೆ ಅಂಗಳದ ಉದ್ದಕ್ಕೂ ಕಟ್ಟಿದ. ಎರಡರ ನಡುವಿನ ಹುರಿಯನ್ನು ಎರಡು ಬೆರಳಿಂದ ಬಿಡಿಸಿ, ಅರಿಬಿಯ ಅಂಚು ತೂರಿಸಿ ಬಿಟ್ಟರೆ ಸಾಕು. ಹುರಿ ತಾನಾಗಿ ಕಚ್ಚಿಕೊಳ್ಳುತ್ತದೆ. ಅರಿಬಿ ಒದ್ದೆಯಾಗಿ ಭಾರವಾದಷ್ಟೂ ಹಿಡಿತ ಹೆಚ್ಚು. ಕ್ಲಿಪ್ಪು ಬೇಡವೇ ಬೇಡ. ಸಂತೆಯ ಪ್ಲಾಸ್ಟಿಕ್ ಕ್ಲಿಪ್ಪು ನಮ್ಮ ಕಡೆಯ ಬಿಸಿಲಿಗೆ ಎಷ್ಟು ದಿನ ಬಾಳುತ್ತದೆ ಎಂಬುದು ತಮಗೂ ತಿಳಿದದ್ದೇ, ಮುರಿದವುಗಳನ್ನು ಊರೆಲ್ಲ ಹಂಚುವವರು ತಾವೇ.

3. ಸದರಿ ಹಗ್ಗದ ಮೊದಲ ಪರೀಕ್ಷೆಗೆ ಒಳಗಾದದ್ದು ಬರಹಗಾರನ ಬಿಳಿ ಪೈಜಾಮ ಮತ್ತು ಜುಬ್ಬ. ಬರಹಗಾರನ ಪತ್ನಿ ಶಮೀಮಾಬಿ, "ಮಾಳಪ್ಪಣ್ಣ ಇಷ್ಟ ಹೌಸಿಲೆ ಮಾಡ್ಯಾನ, ನಾವು ಹಾಕಲಿಲ್ಲಂದ್ರ ಹೆಂಗ" ಎಂದು ಕನಿಕರದಿಂದ ಹಾಕಿದಳು. ಹಗ್ಗ ಹಿಡಿಯಿತು, ಸುಳ್ಳು ಹೇಳಬಾರದು. ಆದರೆ ಕಾರಹುಣ್ಣಿಮೆಯ ಬಣ್ಣವನ್ನೂ ಬಿಟ್ಟಿತು. ಬರಹಗಾರನು ಆ ಶುಕ್ರವಾರ ಗುಲಾಬಿ ಪಟ್ಟೆಯ ಪೈಜಾಮದಲ್ಲಿ ನಮಾಜಿಗೆ ಹೋಗಿ, ಸಾಲಿನಲ್ಲಿ ಹಿಂದೆ ನಿಂತವರಿಗೆಲ್ಲ ನೋಟವಾದನು. ಈ ಬಗ್ಗೆ ಅವನ ತಕರಾರು ಬೇರೆ ಇದೆ, ಅದನ್ನು ಇಲ್ಲಿ ಬೆರೆಸುತ್ತಿಲ್ಲ. ಮಾಳಪ್ಪ ಹಗ್ಗವನ್ನು ಸೋಡಾ ಹಾಕಿ ಕುದಿಸಿ ಬಣ್ಣ ತೆಗೆದು ಮತ್ತೆ ಕಟ್ಟಿದ.

4. ಮತ್ತೆ ಕಟ್ಟಿದ್ದರಲ್ಲೇ ತಪ್ಪಾಯಿತು. ಮನುಷ್ಯ ಹುಟ್ಟಾ ಎತ್ತು ಕಟ್ಟಿದವ. ಕೈ ತನ್ನಷ್ಟಕ್ಕೆ ಎತ್ತು ಕಟ್ಟುವ ಜೀರುಗುಣಿಕೆಯನ್ನೇ ಹಾಕಿತು, ಮರಕ್ಕೂ ಅದೇ, ಕಂಬಕ್ಕೂ ಅದೇ. ಈ ಗಂಟಿನ ಗುಣವೇನೆಂದರೆ, ಎತ್ತು ಎಷ್ಟೇ ಜಗ್ಗಲಿ, ಬಿಗಿಯುತ್ತಲೇ ಹೋಗುತ್ತದೆ. ಆದರೆ ಬೆಂಕಿ ಬಿದ್ದಾಗ, ಹಾವು ಬಂದಾಗ ದನ ಬಿಡಿಸಬೇಕಲ್ಲ, ಅದಕ್ಕೆ ಇಳಿಬಿಟ್ಟ ತುದಿ ಹಿಡಿದು ಒಮ್ಮೆ ಎಳೆದರೆ ಸರಕ್ಕನೆ ಬಿಚ್ಚುತ್ತದೆ. ಮಾನ್ಯರು ಅಂದು ಮಧ್ಯಾಹ್ನ ಬಂದವರು ಎಲ್ಲ ಬಿಟ್ಟು ಆ ತುದಿಯನ್ನೇ ಹಿಡಿದು ಎಳೆದಿರಿ. ಎರಡೂ ಕಡೆ.

ಪರಿಣಾಮವಾಗಿ ಮೈಲಾರವ್ವನ ಒಂದು ವಾರದ ಒಗೆತವೆಲ್ಲ ಹಗ್ಗದ ಸಮೇತ ಗೋಡೆ ಹಾರಿ ಹೋಗಿ, ಬಸ್ ನಿಲ್ದಾಣದ ತಗಡಿಗೂ ಯಲ್ಲಪ್ಪನ ಚಹಾದಂಗಡಿಯ ಬೋರ್ಡಿಗೂ ನಡುವೆ ತೋರಣವಾಗಿ ನಿಂತಿತು. ಕುಪ್ಪಸ, ಲಂಗ, ಮತ್ತೆ ಕುಪ್ಪಸ, ಆಮೇಲೆ ಹೆಂಡತಿಯ ಹಳೆ ಕುಪ್ಪಸದ ತುಂಡಿನಿಂದಲೇ ತೇಪೆ ಹಾಕಿದ ಮಾಳಪ್ಪನ ಪಟ್ಟೆ ಚಣ್ಣ. ಗದಗದ ಬಸ್ಸು ಬಂದು ಕೆಳಗೆ ನಿಂತು ಹಾರ್ನ್ ಹೊಡೆಯತೊಡಗಿತು. ಯಲ್ಲಪ್ಪ ಹೊರಗೆ ಬಂದು, "ಯಾವ ಮಂತ್ರಿ ಬರಾಕತ್ತಾರ್ರಿ, ನಮಗ ಹೇಳೇ ಇಲ್ಲ" ಎಂದ.

ಇಷ್ಟಾಗಿದ್ದರೆ ಮುಚ್ಚಿಹೋಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಓಡಿಬಂದರು. ಮೈಲಾರವ್ವ ಸೆರಗನ್ನು ಮುಖಕ್ಕೆ ಹಿಡಿದು ನಿಂತಳು. ಆದರೆ ಮಾಳಪ್ಪ ಆ ತೋರಣವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅವನ ಮುಖ ಅರಳಿತು. ಅಷ್ಟು ಜನರ ನಡುವೆ, ಬಸ್ಸಿನ ಕಿಟಕಿಯಿಂದೆಲ್ಲ ತಲೆ ಹೊರಗಿದ್ದಾಗ, ಗಟ್ಟಿಯಾಗಿ ಹೇಳಿದ:

"ಒಂದೂ ಬಿದ್ದಿಲ್ಲ ನೋಡ!"

ಬರಹಗಾರನ ಅಭಿಪ್ರಾಯದಲ್ಲಿ ಮೈಲಾರವ್ವನ ಮಾನ ಮೂರಾಬಟ್ಟೆಯಾದದ್ದು ತಮ್ಮಿಂದಲ್ಲ, ಈ ಮಾತಿನಿಂದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಅರ್ಜಿದಾರರು ಬೇಕಿದ್ದರೆ ಒದೆಯಲಿ.

5. ಅಂದು ಸಂಜೆ ಒಲೆಯ ಮುಂದೆ ಹೊರಟ ಆದೇಶ ಹೀಗಿದೆ: "ನಿಮ್ಮ ಹಗ್ಗಕ್ಕ ನನ್ನ ಒಂದ ಅರಿಬಿ ಹಾಕಂಗಿಲ್ಲ ನೋಡ್ರಿ. ಇನ್ನೊಮ್ಮಿ ಹಾರಸಂಗಿಲ್ಲ ಅಂತ ಗಾಳಿ ಕಡಿಂದ ಬರಸ್ಕೊಂಡ ಬರ್ರಿ, ಆಮ್ಯಾಲ ಹಾಕ್ತೀನಿ."

ಮಾಳಪ್ಪ ಎಷ್ಟು ಬೇಡಿಕೊಂಡರೂ ಆದೇಶ ಬದಲಾಗಲಿಲ್ಲ. ಹಗ್ಗವನ್ನು ಮತ್ತೆ ಅಂಗಳದಲ್ಲಿ ಕಟ್ಟಿ, ಜೀರುಗುಣಿಕೆ ಬಿಟ್ಟು, ಹಲ್ಲಿನಿಂದ ಕಡಿದರೂ ಬಿಚ್ಚದ ಕಗ್ಗಂಟು ಹಾಕಿ ತೋರಿಸಿದ. ಆಕೆ ತಿರುಗಿ ನೋಡಲಿಲ್ಲ. ಶಮೀಮಾಬಿಯ ಕಡೆಯಿಂದ ಕಡ ತಂದ ಕ್ಲಿಪ್ಪಿನಲ್ಲಿ ಹಳೆಯ ತಂತಿಗೆ ಅರಿಬಿ ಹಾಕುತ್ತಲೇ ಹೋದಳು. ಸೀರೆಗಳನ್ನು ಜಾಲಿಬೇಲಿಯ ಮೇಲೆ ಹರವಿದಳು, ಮುಳ್ಳಿಗೆ ಹರಿದರೂ ಸರಿಯೇ ಎಂದು.

6. ಆದ್ದರಿಂದ ಇಂದು, ನಾಗರ ಅಮಾವಾಸ್ಯೆಯ ಹಿಂದಿನ ಆದಿತ್ಯವಾರ, ಕಚೇರಿಗೆ ರಜೆ ಇರುವುದನ್ನು ನೋಡಿ ಮಾಳಪ್ಪ ಬರಹಗಾರನನ್ನು ತನ್ನ ಅಂಗಳದ ಬೇವಿನ ಕೆಳಗೆ ಕೂರಿಸಿಕೊಂಡು, "ಗಾಳಿಗೊಂದ ಅರ್ಜಿ ಬರದ ಕೊಡ" ಎಂದ.

"ತಲಿ ನೆಟ್ಟಗೈತೇನ್ ನಿಂದು? ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ್ರು ಅನ್ನೋದ ಕೇಳಿಲ್ಲೇನ?"

"ಅಕಿ ಬರಸ್ಕೊಂಡ ಬಾ ಅಂದಾಳ. ನೀ ಬರಿ."

"ಬರೀತೀನಪಾ. ಕಾರಣ ಏನಂತ ಬರೀಲಿ?"

"ಏನರ ಬರಿ."

"ಏನರ ಅಂದ್ರ ಯಾವ ಸಾಹೇಬನೂ ಮಂಜೂರ ಮಾಡಂಗಿಲ್ಲ. ಸಂತ್ಯಾಗ ಕ್ಲಿಪ್ಪ ಸಿಗ್ತಾವ. ನಿನಗ ಈ ಹಗ್ಗನ ಯಾಕ ಬೇಕು, ಹೇಳ."

ಒಳಗೆ ಮೈಲಾರವ್ವ ರೊಟ್ಟಿ ಬಡಿಯುತ್ತಿದ್ದಳು, ಅದರ ಸಪ್ಪಳ ಕೇಳುತ್ತಿತ್ತು. ಮಾಳಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಕಿ ಹೆಬ್ಬಟ್ಟು ನೋಯ್ತೈತಿಲೇ. ಹ್ವಾದ ವರ್ಷ ಆ ಕೈಕಾಲ ಹಿಡಿಯೋ ಜ್ವರ ಬಂತಲ್ಲ, ಆವಾಗಿಂದ. ಕ್ಲಿಪ್ಪ ಒತ್ತಾಕ ಆಗಂಗಿಲ್ಲ. ಒತ್ತಿದ ಮ್ಯಾಲ ತುಳಸಿಕಟ್ಟಿ ಹಿಂದ ಹೋಗಿ ಬೆರಳಿಗೆ ಉಫ್ ಅಂತ ಊದ್ಕೋತಾಳ. ಕೇಳಿದ್ರ ಏನಿಲ್ಲ ಅಂತಾಳ. ಇದನ್ನ ಬರೀಬ್ಯಾಡ ಮತ್ತ."

ಬರಹಗಾರನಿಗೆ ಒಂದು ಚಾಳಿ ಇದೆ. ಬರೆಯುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಲೇ ಬರೆಯುತ್ತಾನೆ, ನಾಳೆ ಪಾರ್ಟಿಯವರು ನಾನು ಹೀಗೆ ಹೇಳಿಲ್ಲ ಎನ್ನಬಾರದು ಎಂದು. ಕಚೇರಿಯ ಮುಂದಿನ ಗದ್ದಲದಲ್ಲಿ ಬೆಳೆದ ದನಿ, ಓಣಿಯ ಆ ತುದಿಗೂ ಕೇಳುತ್ತದೆ. "ಸದರಿ ಅರ್ಜಿದಾರರ ಪತ್ನಿಯವರ... ಬಲಗೈ ಹೆಬ್ಬೆರಳು... ನೋಯುವ ಕಾರಣ..." ಎನ್ನುವಷ್ಟರಲ್ಲಿ ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

ಮಾಳಪ್ಪ ಬರಹಗಾರನನ್ನು ನೋಡಿದ ನೋಟವನ್ನು ಈ ಅರ್ಜಿಯಲ್ಲಿ ಬರೆಯಲಾಗುವುದಿಲ್ಲ.

7. ಮೈಲಾರವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. ನೇರ ಬಚ್ಚಲಿಗೆ ಹೋಗಿ, ಬೆಳಗಿನಿಂದ ನೆನೆಹಾಕಿದ್ದ ಕೌದಿಯನ್ನು ಎಳೆದು ತಂದಳು. ಮಗಳು ಸುನೀತಾ ನಾಳೆ ಪಂಚಮಿಗೆಂದು ಬರುವವಳು, ಅಜ್ಜಿಯ ಸೀರೆಗಳಿಂದ ಹೊಲಿದ ಆ ಕೌದಿಯಿಲ್ಲದೆ ಅವಳಿಗೆ ತವರಿನ ನಿದ್ದೆ ಹತ್ತುವುದಿಲ್ಲ. ಒದ್ದೆ ಕೌದಿ ಹಿಡಿಯುವ ಕ್ಲಿಪ್ಪು ಯಾವ ಸಂತೆಯಲ್ಲೂ ಇಲ್ಲವೆಂಬುದನ್ನು ಮಾನ್ಯರ ಗಮನಕ್ಕೆ ತರಲಾಗಿದೆ. ಮಾಳಪ್ಪ ಹಿಡಿಯಲು ಹೋದ.

"ಅತ್ಲಾಗ ಸರೀರಿ" ಎಂದಳು.

ಎರಡು ಬೆರಳಿಂದ ಹಗ್ಗದ ಹುರಿ ಬಿಡಿಸಿ, ಕೌದಿಯ ಅಂಚು ತೂರಿಸಿದಳು. ಹೆಬ್ಬೆರಳಿಗೆ ಕೆಲಸವೇ ಬೀಳಲಿಲ್ಲ. ಮತ್ತೊಂದು ಕಡೆ, ಮಗದೊಂದು ಕಡೆ. ಕೆಳಗೆ ಹಿಡಿದು ಜಗ್ಗಿ ನೋಡಿದಳು, ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದಳು. ಬೇವಿನ ಟೊಂಗೆ ಬಾಗಿತೇ ಹೊರತು ಕೌದಿ ಬರಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿದಳು.

"ನನ್ನ ಬಟ್ಟು ನೋಯ್ತೈತಿ ಅಂತ ನನ್ನ ಮುಂದ ಮಾತಾಡೋದ ಬಿಟ್ಟು ಗಾಳಿ ಮುಂದ ಹೇಳ್ತೀರೇನ?"

"ಕೇಳಿದ್ನಲ್ಲ. ನೀ ಏನಿಲ್ಲ ಅಂತೀದಿ."

"ಅಂತೀನಿ. ಅಂದ್ರೇನಾತು? ಇನ್ನೊಮ್ಮಿ ಕೇಳಬೇಕು."

ಬರಹಗಾರ ಕಾಗದ ನೋಡುತ್ತ ಕೂತ, ಬೇರೆ ಎಲ್ಲಿ ನೋಡಬೇಕೋ ತಿಳಿಯದೆ. ಮಾಳಪ್ಪನಿಗೆ ಹೆಂಡತಿಯ ಮೇಲೆ ಜೀವ ಇದೆ, ಅದನ್ನು ಹಗ್ಗ ಹೊಸೆದು ತೋರಿಸುತ್ತಾನೆಯೇ ಹೊರತು ಬಾಯಿಬಿಟ್ಟು ಹೇಳಲಾರ. ಬರೆಯಬೇಡ ಎಂದಿದ್ದಾನೆ, ಆದರೂ ಬರೆಯಲಾಗಿದೆ. ಮಾಳಪ್ಪ ಕೌದಿಯ ಅಂಚು ನೇರ ಮಾಡುತ್ತ, "ಭಾಳ ನೋಯ್ತೈತೇನ?" ಎಂದ.

"ಏನಿಲ್ಲ" ಎಂದಳು.

"ಭಾಳ ನೋಯ್ತೈತೇನ?" ಎಂದು ಇನ್ನೊಮ್ಮೆ ಕೇಳಿದ.

"ಹೂಂ" ಎಂದಳು.

8. ಮೇಲ್ಕಂಡ ಬೆಳವಣಿಗೆಯಿಂದಾಗಿ ವಿಷಯದಲ್ಲಿ ಕೋರಿದ ಒಪ್ಪಿಗೆ ಪತ್ರದ ಅವಶ್ಯಕತೆ ಉಳಿದಿಲ್ಲ. ಆದರೆ ಬರೆದ ಅರ್ಜಿ ಹರಿದುಹಾಕುವ ಪದ್ಧತಿ ಬರಹಗಾರನಲ್ಲಿ ಇಲ್ಲ. ಅಲ್ಲದೆ ಹೊಸದೊಂದು ಅಡಚಣೆ ಎದುರಾಗಿದೆ. ಏನೆಂದರೆ, ಮಧ್ಯಾಹ್ನದಿಂದ ತಮ್ಮ ಸುಳಿವೇ ಇಲ್ಲ. ಆಷಾಢವೆಲ್ಲ ಊರಿನ ತಗಡು ಬಡಿದು, ಬೇಡವಾದಾಗ ಮೈಮೇಲೆ ಬಿದ್ದು, ಇವತ್ತು ಬೇವಿನ ಎಲೆ ಕೂಡ ಅಲ್ಲಾಡುತ್ತಿಲ್ಲ. ಕೌದಿಯಿಂದ ನೀರು ತೊಟ್ಟಿಕ್ಕುತ್ತಲೇ ಇದೆ. ತಮ್ಮ ವಿಳಾಸ ಅಂಚೆಯವರಿಗೂ ಗೊತ್ತಿಲ್ಲದ ಕಾರಣ ಮಾಳಪ್ಪ ಮಾಳಿಗೆ ಹತ್ತಿ, ತಾವು ಒಯ್ಯುವಿರಿ ಎಂದು ಇಲ್ಲಿಯವರೆಗೆ ಬರೆದ ಅರ್ಜಿಯನ್ನು ಕೈಬಿಟ್ಟ. ಅದು ನೆಟ್ಟಗೆ ಕೆಳಗೆ ಬಂದು ಬರಹಗಾರನ ಟೋಪಿಯ ಮೇಲೆ ಬಿದ್ದಿತು. ಮೈಲಾರವ್ವ ನಕ್ಕಳು. ಬಸ್ ನಿಲ್ದಾಣದ ಪ್ರಕರಣದ ನಂತರ ಆಕೆ ನಕ್ಕದ್ದು ಇದೇ ಮೊದಲು.

ಆದ್ದರಿಂದ ಮಾನ್ಯರು ಹಿಂದಿನದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಖುದ್ದಾಗಿ ಬಂದು ಈ ಅರ್ಜಿಯನ್ನು ಒಯ್ಯಬೇಕಾಗಿಯೂ, ಬಂದವರು ಹಾಗೆಯೇ ಅಂಗಳದ ಕೌದಿಯನ್ನು ಒಣಗಿಸಬೇಕಾಗಿಯೂ ಕೋರಲಾಗಿದೆ. ಹಗ್ಗ ಎಷ್ಟು ಬೇಕಾದರೂ ಜಗ್ಗಿರಿ. ತುದಿ ಇಳಿಬಿಟ್ಟಿಲ್ಲ.

ತಾವು ಬಂದರೂ ಬಾರದಿದ್ದರೂ
ತಮ್ಮ ವಿಶ್ವಾಸಿ,
(ಮಾಳಪ್ಪ)

ಸಾಕ್ಷಿ: ಮೈಲಾರವ್ವ. ಶಾಲೆ ಕಲಿತವಳಾದ ಕಾರಣ ಹೆಬ್ಬೆಟ್ಟು ಒತ್ತಲು ಒಪ್ಪದೆ ಸಹಿ ಮಾಡಿದ್ದಾಳೆ. ಸಹಿ ಓರೆಯಾಗಿದೆ. ಪೆನ್ನಿನ ಇನ್ನೊಂದು ತುದಿಯನ್ನು ಅರ್ಜಿದಾರರು ಹಿಡಿದುಕೊಂಡಿದ್ದರು.

ಅಡಕಗಳು:
1) ಹಗ್ಗದ ತುಣುಕು, ಬಣ್ಣ ಬಿಡದಂಥದ್ದು.
2) ಶಮೀಮಾಬಿಗೆ ವಾಪಸ್ ಕೊಡಬೇಕಾದ ಕ್ಲಿಪ್ಪುಗಳು. ದಾರಿಯಲ್ಲಿ ಬಾಜು ಮನೆಗೆ ಮುಟ್ಟಿಸಬೇಕು.
3) ಬರಹಗಾರನ ಗುಲಾಬಿ ಪಟ್ಟೆಯ ಪೈಜಾಮ, ಮಾಹಿತಿಗಾಗಿ. ಇದನ್ನು ಒಯ್ದರೆ ಅಡ್ಡಿಯಿಲ್ಲ.

ವಿ.ಸೂ: ಸುನೀತಾಳ ಬಸ್ಸು ನಾಳೆ ಮುಂಜಾನೆ ಬರುತ್ತದೆ. ಅಷ್ಟರೊಳಗೆ ಕೌದಿ ಒಣಗಿಸಿ ತಾವು ಹೋಗಬಹುದು.