ಸ್ಪೇನಿನ ರಾಣಿಯೂ ಸೇಡಂನ ಕಾಕುವೂ

ನಮ್ಮ ಕಾಕುವಿಗೆ, ಅಂದರೆ ಚಿಕ್ಕಮ್ಮನಿಗೆ, ಒಬ್ಬಳೇ ಒಬ್ಬಳು ಗೆಳತಿ. ಸ್ಪೇನ್ ದೇಶದ ರಾಣಿ! ಆಕೆ ತೀರಿಕೊಂಡು ಇನ್ನೂರೈವತ್ತು ವರ್ಷದ ಮೇಲಾಯಿತು. ಗೆಳೆತನಕ್ಕೆ ಅದೇನು ದೊಡ್ಡ ಅಡ್ಡಿಯಲ್ಲ ಬಿಡಿ.

ಕಾಕು ಸೇಡಂನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಪಠ್ಯದಲ್ಲೇ ಇಲ್ಲದ ಈ ರಾಣಿಯನ್ನು ಎಲ್ಲಿಂದ ಹಿಡಿದು ತಂದಳೋ! ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ರೈಲು ತಡವಾದಾಗ ಪಕ್ಕದ ಹೆಂಗಸಿಗೆ ರಾಣಿಯ ಸಂಸಾರ ಬಿಚ್ಚಿಟ್ಟಳು. ಗಂಡನಿಗೆ ಎರಡನೇ ಮದುವೆ, ಮೊದಲ ಹೆಂಡತಿಯ ಮಗ ಬೇರೆ ಇದ್ದಾನೆ. ರಾಜ ಮನಸ್ಸು ಕೆಟ್ಟು ಹಾಸಿಗೆ ಹಿಡಿದ, ಉಗುರು ಕತ್ತರಿಸಲೂ ಬಿಡ. ದೇಶದ ಕಾರುಬಾರೆಲ್ಲ ರಾಣಿಯದು, ಹೆಸರು ಮಾತ್ರ ರಾಜನದು. ಆ ಹೆಂಗಸು ಕಣ್ಣೊರೆಸಿಕೊಂಡು, "ಪಾಪ, ಈಗ ಯಾರ್ ನೋಡ್ಕೋತಾರ್ರಿ ಅವರನ್ನ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಕಾಕು ನಗಲಿಲ್ಲ.

ನಗುವುದು ಹೇಗೆ? ಮನೆಯಲ್ಲಿ ಆಕೆಯ ಗಂಡ, ನಮ್ಮ ಕಾಕಾ ಇದ್ದರಲ್ಲ. ಜಮೀನು ಅಳೆಯುವ ಮೋಜಣಿ ಕೆಲಸದಲ್ಲಿದ್ದವರು, ಹೊಲದ ಬದುವಿನ ಜಗಳವೆಂದರೆ ಚಿಂಚೋಳಿಯಿಂದಲೂ ಜನ ಇವರ ಪಡಸಾಲೆಗೇ ಬರುತ್ತಿದ್ದರು. ನಿವೃತ್ತರಾದ ಮೇಲೆ ಮಾತು ಕಡಿಮೆ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದವರು ಉಗುರು ಕತ್ತರಿಸಲೂ ಕೈ ಕೊಡುತ್ತಿರಲಿಲ್ಲ. ಕಲಬುರಗಿಯಿಂದ ಗುಳಿಗೆ ಬಂತು, ಮಾತು ಬರಲಿಲ್ಲ.

ಜನ ಮಾತ್ರ ಬರುತ್ತಲೇ ಇದ್ದರು. ಕಾಕು ಜಗಳ ಪೂರ್ತಿ ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಚಹಾ ಕುದಿಯುವಷ್ಟು ಹೊತ್ತಿಗೆ ಹೊರಬಂದು, "ಹಿಂಗಂದ್ರು ಅವರು" ಎಂದು ತೀರ್ಪು ಕೊಡುವಳು. ಒಮ್ಮೆಯಂತೂ ಕಾಕಾನ ಗೊರಕೆ ಪಡಸಾಲೆಗೆ ಕೇಳುತ್ತಿರುವಾಗಲೇ ತೀರ್ಪು ಬಂತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ!

ಒಂದು ಸಲ ನಾನು ಒಳಗಿದ್ದೆ. ಕಾಕು ಅವರ ಕಿವಿಯ ಹತ್ತಿರ ಬಗ್ಗಿ ಜಗಳವನ್ನೆಲ್ಲ ಹೇಳಿದಳು. ಉತ್ತರಕ್ಕೆ ನಿಜವಾಗಿಯೂ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ರಾಜ ಸತ್ತ ಮೇಲೆ ರಾಣಿಯ ಗತಿ ಏನಾಯಿತೆಂದು ಅಂದು ಕೇಳಿದೆ.

"ಆ ಪಾಠ ನಾ ಮಾಡಂಗಿಲ್ಲ" ಎಂದಳು ಕಾಕು.

ನಾನೇ ಹುಡುಕಿ ಓದಿದೆ. ಮೊದಲ ಹೆಂಡತಿಯ ಮಗ ಪಟ್ಟಕ್ಕೆ ಬಂದು ರಾಣಿಯನ್ನು ಆಸ್ಥಾನದಿಂದ ದೂರ ಕಳಿಸಿದನಂತೆ.

ಈ ಸಲದ ಯುಗಾದಿಯ ಹೊತ್ತಿಗೆ ಕಾಕಾ ಹೋದರು. ಕರ್ಮಾಂತರವೆಲ್ಲ ಮುಗಿದ ಮೇಲೆ ಕಾಕು ಪಡಸಾಲೆಯ ಜಮಖಾನ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಇನ್ನು ತನ್ನ ಹತ್ತಿರ ಯಾರು ಬರುತ್ತಾರೆ ಎಂದುಕೊಂಡಿದ್ದಳು.

ವಾರ ಕಳೆದಿರಲಿಲ್ಲ, ಆಡಕಿ ಊರಿನ ಅಣ್ಣತಮ್ಮಂದಿರಿಬ್ಬರು ಬಂದು ಬರೀ ನೆಲದ ಮೇಲೆ ಕುಳಿತರು. ಬದುವಿನ ಜಗಳ ಮೊದಲಿನಿಂದ ಕೊನೆಯತನಕ ಹೇಳಿದರು. ಕಾಕು ತಲೆ ತಗ್ಗಿಸಿದಳು.

"ಇನ್ನ ಯಾರನ್ನ ಕೇಳ್ಲಿ ಯಪ್ಪಾ, ಅವರೇ ಇಲ್ಲ."

ಅಣ್ಣ ತಮ್ಮನ ಮುಖ ನೋಡಿದ. ಆಮೇಲೆ ಸಾವಕಾಶವಾಗಿ ಹೇಳಿದ: "ನಮಗ ಮೊದಲಿಂದ ಗೊತ್ತದರಿ ಟೀಚರ್. ನೀವು ಒಳಗ ಹೋಗಿ ಬರ್ರಿ. ನಾವು ಕುಂತಿರ್ತೀವಿ."

ಕಾಕು ಎದ್ದು ಒಳಗೆ ಹೋಗಿ, ಯಾವಾಗಿನಂತೆ ಬಾಗಿಲು ಹಾಕಿಕೊಂಡಳು. ನಾನು ಚಹಾಕ್ಕೆ ನೀರಿಟ್ಟೆ. ಅಂದು ಅದು ಬಹಳ ಹೊತ್ತು ಕುದಿಯಿತು.