ಗೋಳಗುಮ್ಮಟದೊಳಗಿನ ಹಂಡೆ

ಎಂಟು ಜನ ಸೇರಿ "ಹೈಸಾ" ಎಂದು ಗುಮ್ಮಟವನ್ನು ಎತ್ತಿದೆವು. ಗುಮ್ಮಟ ಎದ್ದಿತು. ಅದರ ಹೊಟ್ಟೆಯೊಳಗಿದ್ದ ತಾಮ್ರದ ಹಂಡೆಯೂ ಜೊತೆಗೇ ಎದ್ದು ಬಂತು. ಹಂಡೆ ನೆಲದ ಮೇಲೆ ಉಳಿಯಬೇಕಿತ್ತು. ಕೆಳಗಿಟ್ಟು, ಉಸಿರು ತೆಗೆದುಕೊಂಡು, ಇನ್ನೊಮ್ಮೆ ಎತ್ತಿದೆವು. ಮತ್ತೆ ಬಂತು. ನಮ್ಮ ತರುಣ ಸಂಘದ ಅಧ್ಯಕ್ಷ ಪರಸಪ್ಪ ಬಗ್ಗಿ ಕೆಳಗಿನಿಂದ ನೋಡಿ, "ಲೇ ಬಸ್ಯಾ, ಇದು ಬಿಡವಲ್ದಲ್ಲೋ" ಎಂದ. "ಹ್ಯಾಂಗ ಬಿಡ್ತೈತಿ ಅಣ್ಣಾ? ಕಮಲದ ದಳಾ ಬೇಕು ದಳಾ ಬೇಕು ಅಂದಿ. ಈಗ ದಳಾನ ಹಂಡೇವ ಹಿಡ್ಕೊಂಡು ಕುಂತೈತಿ" ಎಂದೆ.

ನಾನು ಹೆಚ್ಚು ಓದಿದವನಲ್ಲ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಹಾಗೆ ಹೇಳುವವರ ಹತ್ತಿರ ನಿಲ್ಲಲೂ ಆಗುವುದಿಲ್ಲ. ಗೋಡೆ ನೆಟ್ಟಗಿರಬೇಕು, ತಾರಸಿ ಸೋರಬಾರದು, ಮುಗಿಯಿತು. ಗೇಟಿನ ಕಂಬಕ್ಕೆ ನವಿಲು ಮಾಡಿಕೊಡು, ಕಟ್ಟೆಗೆ ಬಳ್ಳಿ ಬಿಡಿಸು ಎನ್ನುವ ಮಾಲೀಕರು ಸಿಕ್ಕರೆ ನನಗೆ ಹಲ್ಲುನೋವು ಬಂದಂತಾಗುತ್ತದೆ. ಅಂಥ ನಾನು ಗೋಳಗುಮ್ಮಟ ಕಟ್ಟಲು ಹೋದದ್ದು ಹೇಗೆಂದರೆ, ಪರಸಪ್ಪನ ಬಾಯಿಯಿಂದ.

ಬಿಜಾಪುರದ ಕಡೆಯ ಹುಡುಗರೆಲ್ಲ ಗೋವಾದ ಕೆಪೆಯಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ ಕಾಲ. ಟೇಪ್ ರೆಕಾರ್ಡರ್ ಇದ್ದವನೇ ಆಗ ಸಾಹುಕಾರ. ಊರಿನ ಫುಟ್‌ಬಾಲ್ ಹುಡುಗರು ಬಸ್ ಸ್ಟ್ಯಾಂಡಿಗೆ ಒಂದು ಸಿಮೆಂಟ್ ಬೆಂಚು ಕಾಣಿಕೆ ಕೊಟ್ಟರು. ಕೂರುವ ಜಾಗಕ್ಕಿಂತ ಅವರ ಹೆಸರು ಬರೆದ ಜಾಗವೇ ದೊಡ್ಡದು. ಅದನ್ನು ನೋಡಿದ ದಿನದಿಂದ ಪರಸಪ್ಪನಿಗೆ ಊಟ ಸೇರಲಿಲ್ಲ. "ಊರಾಗಿನ ಅರ್ಧ ಮನಿ ಕಟ್ಟಿದವ್ರು ನಾವು. ಒಂದರ ಮ್ಯಾಲರೆ ನಮ್ಮ ಹೆಸರೈತೇನು? ನಾವೂ ಏನರೆ ಕೊಡಬೇಕು" ಎಂದ. ನಾನು ಕುಡಿಯುವ ನೀರಿನ ನಳ ಹಾಕಿಸೋಣ ಎಂದೆ. "ನಳದ ಮುಂದ ನಿಂತು ಯಾರು ಫೋಟೋ ತಗಸ್ಕೋತಾರಲೇ?" ಎಂದ. ಅಷ್ಟರಲ್ಲಿ ಕಲಂಗುಟ್‌ನಲ್ಲಿ ಮಣಿ, ಶಾಲು ಮಾರುವ ನಮ್ಮ ಕಡೆಯ ಹುಡುಗರು ಅಲ್ಲಿನ ಮಾರ್ಕೆಟ್ಟಿಗೆ ಒಂದು ಸಣ್ಣ ಗೋಳಗುಮ್ಮಟವನ್ನೇ ಕೊಟ್ಟಿದ್ದಾರೆಂದು ಸುದ್ದಿ ಬಂತು. ಒಂದು ದಿನದ ಕೂಲಿ ಬಿಟ್ಟು, ಪಣಜಿಯಲ್ಲಿ ಫೆರ್ರಿ ದಾಟಿ, ನೋಡಿಕೊಂಡು ಬಂದೆವು. ಗುಮ್ಮಟ ಕೋಳಿಮೊಟ್ಟೆಯಂತಿತ್ತು. ನಾಲ್ಕು ಮಿನಾರುಗಳೂ ಬ್ಯಾಡಗಿ ಮೆಣಸಿನಕಾಯಿಯಂತೆ ಒಂದೊಂದು ದಿಕ್ಕಿಗೆ ಬಾಗಿದ್ದವು. ಪರಸಪ್ಪ ಬಸ್ಸಿನಲ್ಲಿ ಕೆಪೆಯವರೆಗೂ ನಗುತ್ತಲೇ ಬಂದ. ಇಳಿಯುವಾಗ, "ನಾವು ಖರೇ ಗುಮ್ಮಟಾ ಕಟ್ಟೂಣು" ಎಂದ.

ಖರೇ ಗುಮ್ಮಟವನ್ನು ನಮ್ಮಲ್ಲಿ ಕಣ್ಣಾರೆ ಕಂಡವನು ಅವನೊಬ್ಬನೇ. ಸಾಲಿಯ ಟ್ರಿಪ್ಪಿನಲ್ಲಿ ಹೋಗಿ, ಒಳಗೆ ನಿಂತು ತನ್ನ ಹೆಸರನ್ನೇ ಕೂಗಿಕೊಂಡು ಬಂದಿದ್ದ. ಕಟ್ಟಡ ಹೇಗಿತ್ತು ಎಂದು ಕೇಳಿದರೆ, "ಪರಸಪ್ಪಾ, ಪರಸಪ್ಪಾ ಅಂತಿತ್ತು" ಎನ್ನುತ್ತಿದ್ದ. ಅದರಿಂದ ಅಳತೆ ಹುಟ್ಟುವುದಿಲ್ಲ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಮುಂದಿನ ಭಾಗದ ಚಿತ್ರವಿತ್ತು. ಹಿಂದಿನದು ಹೇಗಿದೆಯೋ ಗೊತ್ತಿಲ್ಲದ್ದಕ್ಕೆ ನಾಲ್ಕೂ ಕಡೆ ಮುಂದಿನದನ್ನೇ ಕಟ್ಟಿದೆವು. ಬಸ್ ಸ್ಟ್ಯಾಂಡಿನಲ್ಲಿ, ಆ ಬೆಂಚಿನ ಎದುರಿಗೇ, ಎದೆಮಟ್ಟದ ನಾಲ್ಕು ಗೋಡೆ, ಗೋಡೆಗೊಂದು ಕಮಾನು, ಮೂಲೆಗೊಂದು ಮಿನಾರು. ಮಿನಾರನ್ನು ನಾನೇ ದಾರದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದೆ.

ಉಳಿದದ್ದು ಮೇಲಿನ ಗುಮ್ಮಟ. ಅಷ್ಟು ದುಂಡಗಿನ ಅಚ್ಚು ಎಲ್ಲಿಂದ ತರುವುದು? ನಾವು ಬಾಡಿಗೆಗಿದ್ದ ರೂಮುಗಳ ಒಡತಿ ರೋಜಾ ಮಾಯಿಯ ಹಿತ್ತಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಇಲ್ಲಿಯವರು ಅದಕ್ಕೆ ಭಾಣ ಎನ್ನುತ್ತಾರೆ, ಅದರಲ್ಲೇ ಭತ್ತ ಬೇಯಿಸುತ್ತಾರೆ. ಮಾಯಿಯ ತಾಯಿ ಮದುವೆಯಾಗಿ ಬರುವಾಗ ತಂದದ್ದಂತೆ. ನಮ್ಮ ಯೋಚನೆ ಸರಳ. ಹಂಡೆಯನ್ನು ಬೋರಲು ಹಾಕಿ, ಎಣ್ಣೆ ಸವರಿ, ಮೇಲೆ ಕಾಂಕ್ರೀಟು ಮೆತ್ತುವುದು, ಗಟ್ಟಿಯಾದ ಮೇಲೆ ಮುಚ್ಚಳದಂತೆ ಎತ್ತಿ ಗೋಡೆಯ ಮೇಲೆ ಕೂರಿಸುವುದು, ಹಂಡೆಯನ್ನು ತೊಳೆದು ವಾಪಸು ಕೊಡುವುದು. ಬಾಡಿಗೆದಾರರ ಜೊತೆ ಜಗಳಾಡಿಯೇ ಕನ್ನಡ ಕಲಿತ ಮಾಯಿ, "ಭತ್ತ ಬರೋದ್ರಾಗ ಕೊಡ್ರಿ. ಒಂದು ನೆಗ್ಗು ಬಿದ್ರೂ ನಿಮ್ಮ ತೆಲಿ ಒಡೀತೇನಿ" ಎಂದು ಕೊಟ್ಟಳು.

ಹಂಡೆಯ ಹೊಟ್ಟೆ ಅಗಲ, ಕೆಳಗೆ ಕುತ್ತಿಗೆ ಸಣ್ಣದು. ಕಾಂಕ್ರೀಟು ಹೊಟ್ಟೆಯವರೆಗೆ ಬಂದಾಗ ನಾನು ಕೈ ತೊಳೆದುಕೊಂಡೆ. ಪರಸಪ್ಪ ಕ್ಯಾಲೆಂಡರು ಹಿಡಿದು ನಿಂತ. "ಗುಮ್ಮಟದ ಬುಡಕ ಕಮಲದ ದಳಾ ಅದಾವ ನೋಡು." "ಬ್ಯಾಡ ಅಣ್ಣಾ. ಬರೇ ಗುಮ್ಮಟಾ ಸಾಕು." "ದಳಾ ಇಲ್ಲಂದ್ರ ಅದು ನೀರಿನ ಟಾಕಿ ಆಗ್ತೈತಿ. ಕಲಂಗುಟ್‌ನವ್ರು ನಗ್ತಾರ." ಕಲಂಗುಟ್‌ನವರು ನಗುತ್ತಾರೆ ಎಂದ ಮೇಲೆ ನಾನೂ ಮತ್ತೆ ಕರಣೆ ಎತ್ತಿಕೊಂಡೆ. ದಳ ಕೂರಲು ಜಾಗ ಬೇಕಲ್ಲ, ಕಾಂಕ್ರೀಟನ್ನು ಹೊಟ್ಟೆಯ ಕೆಳಗೂ, ಕುತ್ತಿಗೆಯವರೆಗೂ ಇಳಿಸಿದೆವು. ಹಂಡೆ ಹೊರಗೆ ಬರುವುದು ಹೇಗೆಂದು ಎಂಟು ಜನ ಗೌಂಡಿಗಳಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಬಿಸಿನೀರು ಹೊಯ್ದೆವು, ಸೀಮೆಎಣ್ಣೆ ಬಿಟ್ಟೆವು, ಹಗ್ಗ ಕಟ್ಟಿ ಜಗ್ಗಿದೆವು. ಭಾನುವಾರ ಉದ್ಘಾಟನೆ, ಪೆಂಡಾಲಿನವನಿಗೂ ಹೇಳಿಯಾಗಿತ್ತು. "ಹಂಡೇವು ಸಮೇತ ಏರಸ್ರಿ, ಮುಂದ ನೋಡೂಣು" ಎಂದ ಪರಸಪ್ಪ. ಏರಿಸಿದೆವು. ಮುಂದೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮಾಯಿಯ ಮನೆಗೆ ಅತಿ ಹತ್ತಿರದ ರೂಮು ನನ್ನದು.

"ಬಸು, ಭಾಣ ಖಂಯ್?" ಎಲ್ಲಿ ಎಂದು ಕೇಳಿದಳು. ನಾನು ಸುತ್ತಿ ಬಳಸದೆ ಹೇಳಿದೆ. "ಗುಮ್ಮಟದಾಗ ಐತ್ರಿ. ಬರವಲ್ದು." ಮಾಯಿ ಅಂಗಳದಲ್ಲಿ ನೆನೆಸಿಟ್ಟಿದ್ದ ಭತ್ತದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಮ್ಮಿಂದಲೇ ಕಲಿತ ಬೈಗುಳಗಳನ್ನೆಲ್ಲ ನಮಗೇ ವಾಪಸು ಕೊಟ್ಟಳು. ಕೊನೆಗೆ, "ಅದು ನಮ್ಮವ್ವಂದೋ. ಅಕೀದಂತ ಉಳದದ್ದು ಅದೊಂದs" ಎಂದಳು. ಆಗ ನನಗೆ ಬೈಗುಳವೇ ಚೆನ್ನಾಗಿತ್ತು ಎನಿಸಿತು. "ಐತವಾರ ಇಗರ್ಜಿ ಪ್ರಾರ್ಥನಾ ಮುಗಿಸಿ ಸೀದಾ ಬರ್ತೇನಿ. ನೀವು ಒಡೀಲಿಲ್ಲಂದ್ರ ನಾನs ಒಡೀತೇನಿ" ಎಂದು ಒಳಗೆ ಹೋದಳು.

ಭಾನುವಾರ ಬಂದಳು. ಹೂವಿನ ಫ್ರಾಕು, ತಲೆಗೆ ಕರಿ ವಸ್ತ್ರ, ಕೈಯಲ್ಲಿ ಸುತ್ತಿಗೆ. ಸುತ್ತಿಗೆಯೂ ನನ್ನದೇ. ರಿಬ್ಬನ್ ಕತ್ತರಿಸಲು ಬಂದಿದ್ದ ಊರಿನ ದೊಡ್ಡವರು ಕತ್ತರಿ ಹಿಡಿದವರು ಹಾಗೇ ನಿಂತರು. ಫುಟ್‌ಬಾಲ್ ಹುಡುಗರು ತಮ್ಮ ಬೆಂಚಿನ ಮೇಲೆ ಹತ್ತಿ ನಿಂತರು. ಪರಸಪ್ಪ ಅಡ್ಡ ಬಂದು, "ಮಾಯಿ, ಹೊಸಾ ಹಂಡೇವು ಕೊಡಸ್ತೇವ್ರಿ" ಎಂದ. "ಹೊಸಾ ಅವ್ವನ್ನೂ ಕೊಡಸ್ತಿಯೇನು? ಸರಿ ಅತ್ಲಾಗ. ಒಡಿಯೂಕಿಂತ ಮೊದ್ಲ ಒಮ್ಮೆ ನೋಡ್ತೇನಿ" ಎಂದು ಬಗ್ಗಿ, ಕಮಾನಿನೊಳಗೆ ತಲೆ ಹಾಕಿದಳು. ಮೇಲೆ ಹಂಡೆಯ ಬಾಯಿ ಕೆಳಮುಖವಾಗಿ ತೆರೆದಿತ್ತು. ಅದರ ಅಂಚಿಗೆ ಇನ್ನೂ ಹತ್ತಿದ್ದ ತನ್ನ ಒಲೆಯ ಮಸಿ ನೋಡಿದ್ದೇ ಸಿಟ್ಟು ಏರಿರಬೇಕು. "ಏ ಸುಡುಗಾಡ ಪೋರಗೋಳ್ರ್ಯಾ!" ಎಂದು ಅಲ್ಲಿಂದಲೇ ಕೂಗಿದಳು.

ಗುಮ್ಮಟ ಗುಂಯ್ ಎಂದಿತು. ಮಾಯಿಯ ಮಾತು ತಾಮ್ರದಲ್ಲಿ ಸುತ್ತಿ, ದಪ್ಪವಾಗಿ, ಇನ್ಯಾರೋ ಬೈದಂತೆ ಹೊರಗೆ ಬಂತು. ಬಿಜಾಪುರದಂತೆ ಏಳು ಸಲವೇನೂ ಅಲ್ಲ, ಸುಳ್ಳು ಯಾಕೆ, ಒಂದೂವರೆ ಸಲ. ಮಾಯಿ ಕಿವಿಯನ್ನು ಹಂಡೆಯ ಬಾಯಿಗೆ ಹಚ್ಚಿದಳು. ಆಮೇಲೆ ಅವಳು ಮೆಲ್ಲಗೆ, "ಮಾಂಯ್" ಎಂದಳು. ಅವ್ವಾ ಎಂದು. ಅದೂ ತಿರುಗಿ ಬಂತು.

ಹೊರಗೆ ಬಂದಾಗ ಕಿವಿಗೆ ಮಸಿ ಹತ್ತಿತ್ತು. "ಥೇಟ ನಮ್ಮವ್ವ ಬೈದಂಗ ಆತು" ಎಂದು ಮೂಗು ಒರೆಸಿಕೊಂಡಳು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. "ಇರ್ಲಿ ಬಿಡ್ರಿ. ಹಿತ್ತಲದಾಗಿದ್ದಾಗ ಅದು ಎಂದೂ ಮಾತಾಡಿರಲಿಲ್ಲ." ಪರಸಪ್ಪ ಆ ಗದ್ದಲದಲ್ಲೇ ಇನ್ನೊಂದು ಕಮಾನಿನಲ್ಲಿ ತಲೆ ಹಾಕಿ ತನ್ನ ಹೆಸರು ಕೂಗಿದ. ಅವನ ಜನ್ಮ ಸಾರ್ಥಕವಾಯಿತು.

ನನ್ನದು ಆಗಲಿಲ್ಲ. ಆ ಭತ್ತವನ್ನು ಪಕ್ಕದ ಮನೆಯ ಭಾಣದಲ್ಲಿ ಬೇಯಿಸಿದ್ದು ನಾನು, ಹೊಗೆ ಕುಡಿದದ್ದೂ ನಾನು. ಮೇಲಿಂದ ಮಾಯಿ ತನ್ನ ಅಂಗಳದ ಶಿಲುಬೆಗೆ ಒಂದು ಗುಮ್ಮಟ ಕಟ್ಟಿಕೊಡು ಎಂದಳು. ಈ ಸಲ ಮಣ್ಣಿನ ಮಡಕೆ ತಂದೆ, ಸಿಕ್ಕಿಕೊಂಡರೆ ಒಡೆದು ತೆಗೆಯಬಹುದು. ಹೊಟ್ಟೆಯವರೆಗೆ ಮೆತ್ತಿ ಕೈ ತೊಳೆಯಲು ಹೋದೆ. ಮಾಯಿ ಬಾಗಿಲಲ್ಲಿ ನಿಂತು, "ದಳಾ?" ಎಂದಳು. "ಯಾಕ್ ಬೇಕ್ರಿ ಮಾಯಿ, ಬರೇ ಗುಮ್ಮಟಾ ಚಲೋ ಕಾಣ್ತೈತಿ." "ದಳಾ ಇಲ್ಲಂದ್ರ ರೂಮೂ ಇಲ್ಲ."

ಹಾಕಿದೆ. ಒಂದು ಸಾಲು ಹಾಕಿದ ಮೇಲೆ ಬೋಳುಬೋಳು ಕಂಡಿತು, ಇನ್ನೊಂದು ಸಾಲು ಹಾಕಿದೆ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಗುಲಾಬಿ ಬಣ್ಣವನ್ನೂ ನಾನೇ ತಂದೆ. ಪರಸಪ್ಪ ನೋಡಿ ಬಿದ್ದು ಬಿದ್ದು ನಕ್ಕ. ನಗಲಿ, ಅವನ ದಳಗಳಿಗಿಂತ ನನ್ನವು ಚೂಪಾಗಿವೆ. ಕೆಲಸದಿಂದ ಬರುವಾಗ ಈಗಲೂ ಒಮ್ಮೆ ಅಲ್ಲಿ ನಿಂತು ನೋಡುತ್ತೇನೆ.

ಇಷ್ಟೇ. ಇದರ ಮೇಲೆ ಇನ್ನೇನು ಸೇರಿಸಿದರೂ ಅದು ದಳವೇ.